ಕೈ ಚಲೋ ಅದಾವ, ಕಾಲ್ಯಾಕ ಹಿಂಗ?

ಆಗಸ್ಟ್ 9, 2024, ಶುಕ್ರವಾರ. ಸಿಂಧನೂರು

ಪಂಚಮಿಗೆ ತವರಿಗೆ ಬಂದೆ. ಲಿಂಗಸುಗೂರಿನಿಂದ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ತವರಿಗೆ ಹೊರಟ ಹೆಣ್ಣುಮಕ್ಕಳೇ. ತೊಡೆಯ ಮೇಲೆ ಉಂಡಿ ಡಬ್ಬಿ, ಕಂಕುಳಲ್ಲಿ ಕೂಸು. ನಡುವೆ ಮಸ್ಕಿಯಲ್ಲಿ ಇಳಿದು ನಾನು ಕಾಲಿನ ವ್ಯಾಯಾಮ ಹೇಳಿಕೊಡುವ ಹುಡುಗನ ಮನೆಗೆ ಹೋಗಿ ಬಂದೆ. ಹುಡುಗನಿಗೆ ಈಗ ನಾಲ್ಕು ವರ್ಷ. ಏಳು ತಿಂಗಳಿಗೇ ಹುಟ್ಟಿದವನು. ಡಿಸ್ಚಾರ್ಜ್ ಚೀಟಿಯ ಪ್ರಕಾರ 30 ವಾರಕ್ಕೆ. "ಜೋಕಾಲಿ ಕಟ್ಟೀವ್ರಿ ಮೇಡಂ, ಕುಂದರ್ತಾನೇನು ನೀವೇ ಬಂದು ನೋಡ್ರಿ" ಎಂದು ಅವನ ತಾಯಿ ಫೋನ್ ಮಾಡಿದ್ದಳು.

ಕೂತ. ಅಂಗಳದ ಬೇವಿನ ಮರಕ್ಕೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತ. ಬೆರಳುಗಳ ಹಿಡಿತ ಎಷ್ಟು ಸೊಗಸಾಗಿದೆ! ಶೇಂಗಾ ಉಂಡಿಯನ್ನು ಒಂದು ಕೈಗೆ ಕೊಟ್ಟರೆ ಇನ್ನೊಂದು ಕೈಯಲ್ಲಿ ಹಗ್ಗ ಬಿಡದೆ ತಿಂದ. ಆದರೆ ಜೋಕಾಲಿ ಮುಂದಕ್ಕೆ ಹೋದೊಡನೆ ಮೊಣಕಾಲುಗಳೆರಡೂ ಒಂದಕ್ಕೊಂದು ಒತ್ತಿಕೊಂಡವು, ಪಾದ ಕೆಳಮುಖವಾಗಿ ಸೆಟೆದು ಕಾಲ ಮೇಲೆ ಕಾಲು ಹೆಣೆದುಕೊಂಡಿತು. ಜೋಕಾಲಿ ನಿಲ್ಲಿಸಿ ಮೀನಖಂಡದ ಮೇಲೆ ಅಂಗೈ ಇಟ್ಟೆ. ಕಲ್ಲು. ಮೊದಲು ಮೊಣಕಾಲು ಮಡಚಿ, ಆಮೇಲೆ ಹಿಮ್ಮಡಿ ಹಿಡಿದು ಪಾದವನ್ನು ನಿಧಾನಕ್ಕೆ ಮೇಲೆತ್ತಿ ಕಾದೆ. ಸ್ವಲ್ಪ ಹೊತ್ತಿಗೆ ಸ್ನಾಯು ಕೈಯೊಳಗೇ ಸಡಿಲವಾಯಿತು. ಅಷ್ಟರಲ್ಲಿ ಅವರಕ್ಕ ಏನೋ ಅಂದಳು, ಅವನು ಕಿಲಕಿಲ ನಕ್ಕ, ಮತ್ತೆ ಕಾಲು ಸೆಟೆಯಿತು. ನಗು ಬಂದರೂ ಅಳು ಬಂದರೂ ಈ ಬಿಗಿತ ಏರುತ್ತದೆ.

ಹೊರಡುವಾಗ ಅಜ್ಜಿ ಕೈ ಹಿಡಿದುಕೊಂಡಳು. "ಯವ್ವಾ, ನೀ ಓದಿದಾಕಿ, ನೀನರ ಹೇಳು. ಕೈ ಚಲೋ ಅದಾವ, ಮಾತು ಚಲೋ ಅದಾವ, ಕಾಲ್ಯಾಕ ಹಿಂಗ? ಗ್ರಹಣದಾಗ ಹೊರಗ ಹೋಗಿದ್ಲು ಇಕಿ. ಕೊಡ ಹೊತ್ತಿದ್ಲು. ಬ್ಯಾಡ ಅಂದ್ರೂ ಕೇಳಲಿಲ್ಲ." ಸೊಸೆ ತಲೆ ತಗ್ಗಿಸಿ ಉಂಡಿ ಕಟ್ಟಿಕೊಡುತ್ತಿದ್ದಳು. ಗ್ರಹಣಕ್ಕೂ ಕೊಡಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿಯೇ ಬಂದೆ. ಅಜ್ಜಿಗೆ ಅಷ್ಟು ಸಾಲದು. ಕಾಲೇ ಯಾಕೆ ಎಂದು ಅವಳು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ಬರೆದಿಟ್ಟುಕೊಂಡು, ಅವಳ ಮಾತಿನಲ್ಲೇ ಅವಳಿಗೆ ಹೇಳಬೇಕು. ಹೇಳದೆ ಬಿಟ್ಟರೆ ಆ ಸೊಸೆಯ ತಲೆ ಏಳುವುದಿಲ್ಲ.

ಆಗಸ್ಟ್ 11, ಭಾನುವಾರ. ಸಿಂಧನೂರು

ನಿನ್ನೆ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಬೆಳಗಿನಿಂದ ಮನೆಯಲ್ಲಿ, ಓಣಿಯಲ್ಲಿ, ಚಹಾದಂಗಡಿಯಲ್ಲಿ ಬೇರೆ ಮಾತಿಲ್ಲ. ಡ್ಯಾಂ ತುಂಬಿತ್ತು, ಎಡದಂಡೆ ಕಾಲುವೆ ನಂಬಿ ಅಣ್ಣ ಭತ್ತ ನಾಟಿ ಮಾಡಿಸಿದ್ದಾನೆ. "ಗೇಟ್ ಕೂಡಿಸಬೇಕಂದ್ರ ನೀರು ಖಾಲಿ ಮಾಡ್ಬೇಕಂತ. ಎರಡನೇ ಬೆಳಿ ಮಾತು ಬಿಡು, ಈ ಬೆಳಿಗೇ ನೀರು ಸಾಲಂಗಿಲ್ಲ" ಎಂದು ಊಟ ಬಿಟ್ಟು ಕೂತಿದ್ದಾನೆ. ಅತ್ತಿಗೆ ಟಿವಿ ಆರಿಸಿಬಿಟ್ಟಳು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಗನ ಎಂ.ಆರ್.ಐ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಮೆದುಳಿನ ನಡುವೆ ನೀರು ತುಂಬಿದ ಎರಡು ಕುಹರಗಳು. ಅವುಗಳ ಅಂಚು ಅಂಕುಡೊಂಕು. ಸುತ್ತ ಇರಬಾರದ ಬಿಳುಪು. ಕೆಳಗೆ ವರದಿಯಲ್ಲಿ ಪೆರಿವೆಂಟ್ರಿಕ್ಯುಲರ್ ಲ್ಯೂಕೊಮಲೇಸಿಯ ಎಂದಿದೆ: ಕುಹರದ ಸುತ್ತಲಿನ ಬಿಳಿಭಾಗಕ್ಕೆ ಬಿದ್ದ ಪೆಟ್ಟು.

ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಈ ಫಿಲ್ಮಿನಲ್ಲೇ ಇದೆ. ಮೆದುಳಿನ ಮೇಲ್ಪದರದಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳಲ್ಲಿ ಕಾಲಿಗೆ ಹೋಗುವವು ಕುಹರಕ್ಕೆ ತೀರ ಹತ್ತಿರದಲ್ಲಿ ಹಾಯುತ್ತವೆ. ಕೈಗೆ ಹೋಗುವವು ಅದರಾಚೆ, ಮುಖಕ್ಕೆ ಹೋಗುವವು ಇನ್ನೂ ಆಚೆ. ಕುಹರದ ಅಂಚಿಗೆ ಸಣ್ಣ ಪೆಟ್ಟು ಬಿದ್ದರೆ ಕಾಲು ಮಾತ್ರ ಸೆಟೆಯುತ್ತದೆ. ಪೆಟ್ಟು ಹಿರಿದಾದರೆ ಕೈಗೂ ಮಾತಿಗೂ ತಟ್ಟುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1862ರಲ್ಲೇ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೂ ಕಾಲಿನ ಬಿಗಿತಕ್ಕೂ ನಂಟಿದೆ ಎಂದು ಹೇಳಿದ್ದ. ಅವನ ಕಾಲೂ ಚಿಕ್ಕಂದಿನಲ್ಲೇ ಪೋಲಿಯೋದಿಂದ ಊನವಾಗಿತ್ತು. ಮೆದುಳಿನಲ್ಲಿ ಆ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನು ಬ್ಯಾಂಕರ್ ಮತ್ತು ಲರೋಶ್ ಎಂಬಿಬ್ಬರು ಒಪ್ಪವಾಗಿ ವಿವರಿಸಿದ್ದು 1962ರಲ್ಲಿ. ನಡುವೆ ಸರಿಯಾಗಿ ನೂರು ವರ್ಷ.

ಇನ್ನರ್ಧ ಉತ್ತರ ಏಳನೇ ತಿಂಗಳದ್ದು. ಇದೇ ಪೆಟ್ಟು ಒಂಬತ್ತು ತಿಂಗಳು ತುಂಬಿದ ಕೂಸಿಗೆ ಈ ಜಾಗದಲ್ಲಿ ಬೀಳುವುದು ಕಡಿಮೆ. 24ರಿಂದ 32ನೇ ವಾರದವರೆಗೆ ಅಲ್ಲಿ ಯಾವುದೋ ಒಂದು ಬಹಳ ಎಳೆಯದಾಗಿರುತ್ತದೆ. ಅದು ನರಕೋಶವಲ್ಲ, ನರಕೋಶಕ್ಕೆ ಆಸರೆಯಾಗಿ ಬೆಳೆಯುವ ಗ್ಲಿಯಾ ಕೋಶ.

ಆಗಸ್ಟ್ 13, ಮಂಗಳವಾರ. ಸಿಂಧನೂರು

ಆ ಎಳೆಯ ಕೋಶವನ್ನು ಕೊಂದದ್ದು ಮಿತಿಮೀರಿದ ಗ್ಲುಟಮೇಟ್ ಎಂದು ನಾನು ಬರೆಯುತ್ತಿದ್ದುದನ್ನು ಅಣ್ಣನ ಮಗ ಹೆಗಲ ಮೇಲಿಂದ ಓದಿದ. ಪಿಯುಸಿ ಸೈನ್ಸ್. "ಅತ್ತಿ, ಗ್ಲುಟಮೇಟ್ ಅಂದ್ರ ಅಜಿನೊಮೊಟೊ ಅಲ್ಲೇನು? ಗೋಬಿಗೆ ಹಾಕ್ತಾರಲ್ಲ?"

ಹೌದು, ಅದೇ ಅಣು. 1908ರಲ್ಲಿ ಜಪಾನಿನ ಇಕೆಡಾ ಕಡಲಕಳೆಯ ಸಾರಿನಿಂದ ಅದನ್ನು ಬೇರ್ಪಡಿಸಿ, ಆ ರುಚಿ ಅದರದ್ದೇ ಎಂದು ತೋರಿಸಿದ. ಟೊಮೆಟೊದಲ್ಲೂ ಅದಿದೆ. ಇಷ್ಟು ಕೇಳಿದೊಡನೆ ಅವನ ಮುಂದಿನ ಮಾತು: ಹಂಗಾದ್ರ ಬಸುರಿಯರು ಗೋಬಿ ತಿಂದ್ರ ಕೂಸಿಗೆ ಹಿಂಗ ಆಗ್ತದೇನು? ಈ ಪ್ರಶ್ನೆ ಅವನೊಬ್ಬನದಲ್ಲ. ಈ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ ಮೇಲೆ ಎಷ್ಟೋ ತಾಯಂದಿರು ನನ್ನ ಬಳಿ ಇದೇ ಕೇಳಿದ್ದಾರೆ. ಬಣ್ಣದ ಮಾತು ಬೇರೆ, ಇದು ಬೇರೆ ಎಂದು ಬಿಡಿಸಿ ಹೇಳಿದೆ. ಮೆದುಳು ತನಗೆ ಬೇಕಾದ ಗ್ಲುಟಮೇಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಊಟದಲ್ಲಿ ಬಂದದ್ದರ ಬಹುಪಾಲು ಕರುಳಿನಲ್ಲೇ ಖರ್ಚಾಗುತ್ತದೆ, ರಕ್ತಕ್ಕೆ ಸೇರಿದ್ದನ್ನೂ ರಕ್ತ ಮತ್ತು ಮೆದುಳಿನ ನಡುವಿನ ತಡೆ ಸುಲಭಕ್ಕೆ ಒಳಗೆ ಬಿಡುವುದಿಲ್ಲ. 1969ರಲ್ಲಿ ಅಮೆರಿಕದ ಜಾನ್ ಓಲ್ನಿ ಎಳೆಯ ಇಲಿಮರಿಗಳ ಮೇಲೆ ಪ್ರಯೋಗ ಮಾಡಿ, ಗ್ಲುಟಮೇಟ್ ಮಿತಿ ಮೀರಿದರೆ ನರಕೋಶ ಸಾಯುತ್ತದೆ ಎಂದು ತೋರಿಸಿದ್ದು ನಿಜ. ಆದರೆ ಅವನು ಚರ್ಮದ ಕೆಳಗೆ ಚುಚ್ಚಿದ ಪ್ರಮಾಣಕ್ಕೂ ತಟ್ಟೆಯಲ್ಲಿ ಬೀಳುವ ಚಿಟಿಕೆ ಪುಡಿಗೂ ಹೋಲಿಕೆಯೇ ಇಲ್ಲ.

ಮಸ್ಕಿಯ ತಾಯಿ ಏನೂ ತಿಂದು ಕೆಡಿಸಿಕೊಂಡಿಲ್ಲ. ಇದನ್ನೂ ಹೇಳಬೇಕು.

ಆಗಸ್ಟ್ 15, ಗುರುವಾರ. ಸಿಂಧನೂರು

ರಜೆ. ಧ್ವಜಾರೋಹಣ ಮುಗಿಸಿ ಬಂದು ಇಡೀ ದಿನ ಓದಿದೆ, ಬರೆದೆ. ಅಣ್ಣ ಡ್ಯಾಮಿನ ಸುದ್ದಿಗಾಗಿ ಮುನಿರಾಬಾದಿಗೆ ಫೋನ್ ಮಾಡುತ್ತಲೇ ಇದ್ದಾನೆ.

ಮೊದಲು ಕೋಶದ ಪರಿಚಯ. ಮೆದುಳಿನ ಗ್ಲಿಯಾ ಕೋಶಗಳಲ್ಲಿ ಮುಖ್ಯವಾಗಿ ಮೂರು ಬಗೆ. ಆಸ್ಟ್ರೊಸೈಟ್‌ಗಳು ನರಕೋಶಗಳ ಸಂಧಿಯ ಸುತ್ತ ಇದ್ದು ಅಲ್ಲಿನ ಉಪ್ಪು, ಇಂಧನ, ಚೆಲ್ಲಿದ ಗ್ಲುಟಮೇಟ್ ಎಲ್ಲವನ್ನೂ ನೋಡಿಕೊಳ್ಳುತ್ತವೆ. ಮೈಕ್ರೊಗ್ಲಿಯಾ ಕಾವಲು ಮತ್ತು ಕಸ ತೆಗೆಯುವ ಕೆಲಸಕ್ಕೆ. ಮೂರನೆಯದು ಆಲಿಗೋಡೆಂಡ್ರೊಸೈಟ್. ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವುದು ಇದು. ಒಂದೇ ಕೋಶ ಹತ್ತಾರು ತಂತುತುಂಡುಗಳಿಗೆ ಸುತ್ತಬಲ್ಲದು. ಹೊದಿಕೆ ಇಲ್ಲದ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಒಂದೆರಡು ಮೀಟರ್ ಹೋದರೆ ಹೆಚ್ಚು, ದಪ್ಪ ಹೊದಿಕೆಯ ತಂತುವಿನಲ್ಲಿ 100 ಮೀಟರ್ ಮುಟ್ಟಬಲ್ಲದು. ನಮ್ಮ ಹುಡುಗನ ಕಾಲಿನ ತಂತುಗಳಿಗೆ ಸಿಗದೆ ಹೋದದ್ದು ಈ ಹೊದಿಕೆ.

ಆಲಿಗೋಡೆಂಡ್ರೊಸೈಟ್ ಹುಟ್ಟುವಾಗಲೇ ಬಲಿತಿರುವುದಿಲ್ಲ. ಮೊದಲು ಅದೊಂದು ಎಳೆಯ ಕೋಶ. ನಾನು ಪೂರ್ವಕೋಶ ಎಂದೇ ಬರೆದುಕೊಳ್ಳುತ್ತೇನೆ. ಅದು ಒಡೆದು ಎರಡಾಗುತ್ತದೆ, ಅಲೆಯುತ್ತದೆ, ಜಾಗ ಹಿಡಿಯುತ್ತದೆ, ಬಲಿಯುತ್ತದೆ, ಆಮೇಲೆ ಸುತ್ತಲು ತೊಡಗುತ್ತದೆ. ದೊಡ್ಡವರ ಮೆದುಳಿನಲ್ಲೂ ಇಂಥ ಪೂರ್ವಕೋಶಗಳು ಶೇಕಡ 5ರಷ್ಟು ಉಳಿದೇ ಇರುತ್ತವೆ ಎಂಬುದು ನನಗೆ ಇಂದಿಗೂ ಬೆರಗು.

ಇವುಗಳ ಬೆಳವಣಿಗೆಗೆ ಅಪ್ಪಣೆ ಕೊಡುವವರು ಯಾರು? ಅನೇಕರು. ಅದರಲ್ಲೊಂದು ಗ್ಲುಟಮೇಟ್. ನರಕೋಶ ನರಕೋಶಕ್ಕೆ ಸುದ್ದಿ ಮುಟ್ಟಿಸಲು ಬಳಸುವ ಮುಖ್ಯ ರಾಸಾಯನಿಕ ಅದು. ಅದನ್ನು ಹಿಡಿಯುವ ಗ್ರಾಹಕಗಳು ನರಕೋಶದ ಮೈಮೇಲೆ ಮಾತ್ರ ಇರುತ್ತವೆ ಎಂದು ಬಹುಕಾಲ ತಿಳಿದಿದ್ದರು. ಹಾಗಿಲ್ಲ. ಪೂರ್ವಕೋಶದ ಮೇಲೂ ಇವೆ. ಆಂಪಾ, ಕೈನೇಟ್ ಮತ್ತು ಎನ್‌ಎಂಡಿಎ ಎಂಬ ಮೂರು ಬಗೆಯವು ಬಾಗಿಲು ತೆರೆದು ಸೋಡಿಯಂ, ಕ್ಯಾಲ್ಸಿಯಂ ಒಳಬಿಡುತ್ತವೆ. ಮೆಟಬೊಟ್ರೊಪಿಕ್ ಎಂಬ ಇನ್ನೊಂದು ಗುಂಪಿನಲ್ಲಿ ಎಂಟು ಗ್ರಾಹಕಗಳಿವೆ. ಅವು ಬಾಗಿಲು ತೆರೆಯದೆ ಕೋಶದೊಳಗಿನ ರಾಸಾಯನಿಕ ವ್ಯವಹಾರವನ್ನು ಬದಲಿಸುತ್ತವೆ. ಆಸ್ಟ್ರೊಸೈಟ್‌ಗಳಲ್ಲೂ ಈ ಗುಂಪಿನ ಐದನೆಯದು ಎಳವೆಯಲ್ಲಿ ಹೇರಳ, ಮೆದುಳು ಬಲಿತಂತೆ ಬಹಳ ಇಳಿಯುತ್ತದೆ.

1996ರಲ್ಲಿ ವಿತ್ತೋರಿಯೊ ಗಾಲೊ ಮತ್ತು ಸಂಗಡಿಗರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಪೂರ್ವಕೋಶಗಳಿಗೆ ಗ್ಲುಟಮೇಟ್ ಕೊಟ್ಟು ನೋಡಿದರು. ಆಂಪಾ ಮತ್ತು ಕೈನೇಟ್ ಗ್ರಾಹಕಗಳು ಚುರುಕಾದವು, ಅದರಿಂದ ಪೊಟ್ಯಾಸಿಯಂ ನಾಳಗಳು ಕಟ್ಟಿದವು, ಕೋಶಗಳು ಒಡೆದು ಹೆಚ್ಚುವುದನ್ನು ನಿಲ್ಲಿಸಿದವು. ಮುಂದೆ 2000ದಲ್ಲಿ ಡ್ವೈಟ್ ಬರ್ಗ್ಲ್ಸ್ ಮತ್ತು ಜೊತೆಗಾರರು ಇನ್ನೊಂದು ಸಂಗತಿ ಕಂಡರು: ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ ನರಕೋಶಗಳು ಈ ಪೂರ್ವಕೋಶಗಳ ಜೊತೆ ನಿಜವಾದ ಸಂಧಿಗಳನ್ನೇ ಮಾಡಿಕೊಂಡಿವೆ. ನರಕೋಶ ನರಕೋಶಕ್ಕೆ ಹೇಗೋ ಹಾಗೆಯೇ ಇವಕ್ಕೂ ಗ್ಲುಟಮೇಟ್ ಸುರಿಸುತ್ತವೆ. ಕೋಶ ಬಲಿತು ಹೊದಿಕೆ ಸುತ್ತಲು ಹೊರಟೊಡನೆ ಆ ಸಂಧಿಗಳು ಕಳಚಿಹೋಗುತ್ತವೆ. ಅಂದರೆ ಕೇಳಿಸಿಕೊಳ್ಳುವ ಕಾಲ ಎಳವೆಯದೇ.

ಹಾಗಾದರೆ ಗ್ಲುಟಮೇಟ್ ಬೆಳವಣಿಗೆಯನ್ನು ತಡೆಯುತ್ತದೋ ಬೆಳೆಸುತ್ತದೋ? ತಟ್ಟೆಯಲ್ಲಿ ಕಂಡದ್ದು ಜೀವಂತ ಮೆದುಳಿನಲ್ಲಿ ಹಾಗೇ ಕಾಣಲಿಲ್ಲ. 2017ರಲ್ಲಿ ಲಂಡನ್ನಿನ ತಂಡವೊಂದು ಇಲಿಗಳ ಪೂರ್ವಕೋಶಗಳಲ್ಲಿ ಮಾತ್ರ ಆಂಪಾ ಗ್ರಾಹಕದ ಘಟಕಗಳನ್ನು ಇಲ್ಲವಾಗಿಸಿ ನೋಡಿತು. ಕೋಶಗಳು ಒಡೆಯುವ ವೇಗ ಬದಲಾಗಲಿಲ್ಲ. ಆದರೆ ಬಲಿಯಲು ಹೊರಟ ಹೊಸ ಕೋಶಗಳು ಹೆಚ್ಚಾಗಿ ಸತ್ತವು, ಮಯಲಿನ್ ಕಡಿಮೆಯಾಯಿತು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಬಲಿಯುವ ಹೊತ್ತಿನಲ್ಲಿ ಆ ಕೋಶ ಬದುಕಿ ಉಳಿಯಲು ನರದ ಕಡೆಯಿಂದ ಒಂದು ಕರೆ ಬೇಕು, ಆ ಕರೆ ಕೇಳುವ ಕಿವಿ ಆಂಪಾ ಗ್ರಾಹಕ. ಅದಕ್ಕೂ ಮುಂಚೆ, 2011ರಲ್ಲಿ, ಡಗ್ಲಾಸ್ ಫೀಲ್ಡ್ಸ್‌ನ ಪ್ರಯೋಗಾಲಯದವರು ಚುರುಕಾಗಿ ಸಂದೇಶ ಒಯ್ಯುವ ತಂತು ತನ್ನುದ್ದಕ್ಕೂ ಗ್ಲುಟಮೇಟ್ ಬಿಟ್ಟಾಗ, ಅದು ಮುಟ್ಟಿದ ಜಾಗದಲ್ಲೇ ಆಲಿಗೋಡೆಂಡ್ರೊಸೈಟ್ ಮಯಲಿನ್ನಿನ ಪ್ರೋಟೀನು ತಯಾರಿಸಲು ಶುರುಮಾಡುವುದನ್ನು ತೋರಿಸಿದ್ದರು.

ಹದವಾಗಿದ್ದಾಗ ಬೆಳೆಸುವ ಇದೇ ಗ್ಲುಟಮೇಟ್ ಏಳನೇ ತಿಂಗಳ ಕೂಸಿನಲ್ಲಿ ಕೊಂದದ್ದು ಹೇಗೆ? ಉಸಿರಾಟ ಕುಂದಿ, ರಕ್ತದೊತ್ತಡ ಕುಸಿದು, ಕುಹರದ ಸುತ್ತಲಿನ ಜಾಗಕ್ಕೆ ರಕ್ತ ಸಾಲದಾದಾಗ ಕೋಶಗಳ ಇಂಧನ ಮುಗಿಯುತ್ತದೆ. ಚೆಲ್ಲಿದ ಗ್ಲುಟಮೇಟನ್ನು ಒಳಗೆಳೆದುಕೊಳ್ಳಬೇಕಾದ ಸಾಗಣೆ ಪ್ರೋಟೀನುಗಳು ಹಿಮ್ಮುಖವಾಗಿ ಹೊರಗೆ ಸುರಿಸತೊಡಗುತ್ತವೆ. ಆ ವಾರಗಳಲ್ಲಿ ಪೂರ್ವಕೋಶದ ಮೇಲಿರುವ ಆಂಪಾ ಗ್ರಾಹಕಗಳಲ್ಲಿ ಕ್ಯಾಲ್ಸಿಯಂ ತಡೆಯುವ ಗ್ಲುಎ2 ಎಂಬ ಘಟಕ ಕಡಿಮೆ. ಬಾಗಿಲು ತೆರೆದದ್ದೇ ತಡ, ಕ್ಯಾಲ್ಸಿಯಂ ನುಗ್ಗಿ ಕೋಶ ಒಳಗಿನಿಂದಲೇ ಹಾಳಾಗುತ್ತದೆ. ನಾಟಿ ಮಾಡಿದ ಎಳೆ ಪೈರಿನ ಹಾಗೆ: ದಿನವೂ ಬುಡ ನೆನೆಯುವಷ್ಟು ನೀರು ಬೇಕೇ ಬೇಕು, ಕಾಲುವೆ ಒಡೆದು ಮೇಲೆ ಬಂದರೆ ಅದೇ ನೀರಿನಲ್ಲಿ ಮುಳುಗಿ ಕೊಳೆಯುತ್ತದೆ; ನಾಲ್ಕು ವಾರ ಬೆಳೆದ ಪೈರಾಗಿದ್ದರೆ ತಡೆದುಕೊಳ್ಳುತ್ತಿತ್ತು. ಅಜ್ಜಿ ಭತ್ತದ ಗದ್ದೆಯಲ್ಲಿ ಕೂಲಿ ಮಾಡಿದವಳು. ಅವಳಿಗೆ ಹೀಗೆಯೇ ಹೇಳುತ್ತೇನೆ.

ಆಗಸ್ಟ್ 18, ಭಾನುವಾರ. ಲಿಂಗಸುಗೂರು

ನಿನ್ನೆ ಡ್ಯಾಮಿಗೆ ಸ್ಟಾಪ್‌ಲಾಗ್ ಗೇಟು ಕೂಡಿಸುವ ಕೆಲಸ ಮುಗಿಯಿತು, ಹರಿವ ನೀರಿನಲ್ಲೇ. ಗೇಟು ಕೂಡಿಸಿದ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಿದ್ದ ಕಾರ್ಮಿಕರನ್ನು ಸಿಂಧನೂರಿನವರು ಎಷ್ಟು ನೆನೆದರೂ ಸಾಲದು. ಅಣ್ಣ ಫೋನಿನಲ್ಲಿ ಮೊದಲಿನ ದನಿಯಲ್ಲಿ ಮಾತಾಡಿದ.

ಬೇಳೆ ತರಲು ಸಂತೆಗೆ ಹೋಗಿದ್ದೆ. ತೊಗರಿಬೇಳೆ ಹಿಡಿಯಲ್ಲಿ ತೆಗೆದುಕೊಂಡು ಅಗಲಿಸಿ ನೋಡುವ ರೂಢಿ ಅವ್ವನಿಂದ ಬಂದದ್ದು: ಓರೆಯಾಗಿ, ಚಪ್ಪಟೆ ಮೂಲೆಯ ಕೇಸರಿಬೇಳೆ ಬೆರೆತಿದೆಯೇ ಎಂದು. ತಿಂಗಳುಗಟ್ಟಲೆ ಅದನ್ನೇ ಉಂಡು ಬದುಕಿದವರ ಕಾಲುಗಳು ಸೆಟೆದುಹೋಗುತ್ತವೆ. ಬರಗಾಲದಲ್ಲಿ ಬೇರೆಲ್ಲ ಬೆಳೆ ಒಣಗಿದರೂ ಅದೊಂದು ಬರುತ್ತದೆ. ಹಾಗಾಗಿ ಈ ಕಾಯಿಲೆ ಯಾವಾಗಲೂ ಬಡವರದೇ. ಮಧ್ಯಪ್ರದೇಶ, ಬಿಹಾರದ ಕೂಲಿಯವರು, ಇಥಿಯೋಪಿಯಾ ಮತ್ತು ಬಾಂಗ್ಲಾದ ರೈತರು. 1961ರಲ್ಲಿ ಅದರ ಮಾರಾಟ ನಿಷೇಧದ ನಿಯಮ ಬಂತು.

ಕೇಸರಿಬೇಳೆಯ ವಿಷ ಯಾವುದೆಂದು ಬೇರ್ಪಡಿಸಿ ತೋರಿಸಿದ್ದು ನಮ್ಮ ಬೆಂಗಳೂರಿನಲ್ಲೇ. 1964ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಅದರ ರಚನೆ ಪ್ರಕಟಿಸಿದರು. ಅದೇ ವರ್ಷ ಇನ್ನೊಂದು ತಂಡಕ್ಕೂ ಅದು ಸಿಕ್ಕಿತು. ಓಡ್ಯಾಪ್ ಎಂದು ಕರೆಯುವ ಈ ಅಮೈನೊ ಆಮ್ಲ ಗ್ಲುಟಮೇಟಿನ ರೂಪವನ್ನೇ ಹೋಲುತ್ತದೆ. ಆಂಪಾ ಗ್ರಾಹಕಕ್ಕೆ ಹೋಗಿ ಕೂತು ಅದನ್ನು ತೆರೆದಿಡುತ್ತದೆ. ಆಮೇಲೆ 1990ರ ದಶಕದಲ್ಲಿ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು ಅದು ಮೈಟೊಕಾಂಡ್ರಿಯದ ಒಂದು ಮುಖ್ಯ ಕಿಣ್ವವನ್ನು ಹೇಗೆ ಕುಗ್ಗಿಸುತ್ತದೆ ಎಂದು ತೋರಿಸಿದರು.

ಕೇಸರಿಬೇಳೆಯಲ್ಲಿ ಪೆಟ್ಟು ಬೀಳುವುದು ನರಕೋಶಕ್ಕೆ, ದೊಡ್ಡವರಿಗೆ. ಮಸ್ಕಿಯ ಹುಡುಗನಿಗೆ ಬಿದ್ದದ್ದು ಗ್ಲಿಯಾ ಕೋಶಕ್ಕೆ, ಹುಟ್ಟುವ ಹೊತ್ತಿನಲ್ಲಿ. ಎರಡು ಬೇರೆ ಕಾಯಿಲೆಗಳು, ಕಲಸಬಾರದು. ಆದರೆ ಎರಡರಲ್ಲೂ ಅದೇ ಗ್ರಾಹಕ, ಕೊನೆಗೆ ಅದೇ ಕಾಲು. ಈ ವಿಷಯ ಎಲ್ಲೋ ದೂರದ ಪ್ರಯೋಗಾಲಯದ್ದು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಬೇಳೆಯ ಚೀಲದಲ್ಲಿದೆ ಇದು.

ಆಗಸ್ಟ್ 23, ಶುಕ್ರವಾರ. ಲಿಂಗಸುಗೂರು

ಮಸ್ಕಿ ಕಡೆಯ ನನ್ನ ಗೆಳತಿ, ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್, ಕೆಲಸದ ಮೇಲೆ ಬಂದವಳು ಊಟಕ್ಕೆ ಉಳಿದಳು. ನನ್ನ ತಲೆಯಲ್ಲಿ ಗ್ಲುಟಮೇಟಿನ ವಿಷಯವೇ ತುಂಬಿಕೊಂಡಿತ್ತು, ಅವಳನ್ನೇ ಕೇಳಿದೆ: ನಿಮ್ಮಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇರುತ್ತದಲ್ಲ, ಯಾವುದಕ್ಕೆ ಬಳಸುತ್ತೀರಿ?

"ಬಿ.ಪಿ. ಜಾಸ್ತಿ ಆಗಿ ಫಿಟ್ಸ್ ಬಂದ ಬಸುರಿಯರಿಗೆ. ಲೋಡಿಂಗ್ ಡೋಸ್ ಕೊಟ್ಟು ರಾಯಚೂರಿಗೆ ಕಳಿಸ್ತೀವಿ. ಮತ್ತ್ಯಾಕಕ್ಕ?"

ಅದೇ ಅಗ್ಗದ ಔಷಧವನ್ನು ಇನ್ನೊಂದಕ್ಕೂ ಕೊಡುತ್ತಾರೆ. 2008ರಲ್ಲಿ ಅಮೆರಿಕದಲ್ಲಿ 2,241 ಗರ್ಭಿಣಿಯರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ತಿಂಗಳು ತುಂಬುವ ಮೊದಲೇ ಹೆರಿಗೆ ಆಗುವ ಸೂಚನೆ ಇದ್ದ ತಾಯಂದಿರಿಗೆ ಮೆಗ್ನೀಸಿಯಂ ಕೊಟ್ಟಾಗ, ಬದುಕುಳಿದ ಮಕ್ಕಳಲ್ಲಿ ಮಧ್ಯಮ ಅಥವಾ ತೀವ್ರ ಸೆರೆಬ್ರಲ್ ಪಾಲ್ಸಿ (ಮಸ್ಕಿಯ ಹುಡುಗನಿಗಿರುವುದೂ ಇದೇ) ಬಂದದ್ದು ಶೇಕಡ 1.9, ಕೊಡದವರ ಮಕ್ಕಳಲ್ಲಿ ಶೇಕಡ 3.5. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, 32 ವಾರಕ್ಕಿಂತ ಮೊದಲು ಹೆರಿಗೆ ಆಗಲಿರುವವರಿಗೆ ಅದನ್ನು ಶಿಫಾರಸು ಮಾಡಿತು. ಮೆಗ್ನೀಸಿಯಂ ಎನ್‌ಎಂಡಿಎ ಗ್ರಾಹಕದ ಬಾಗಿಲಿಗೆ ಅಡ್ಡ ಕೂರುತ್ತದೆ ಎಂಬುದು 1984ರಿಂದ ಗೊತ್ತಿದೆ. ಇಲ್ಲೊಂದು ತೊಡಕಿದೆ, ಅದನ್ನೂ ಅವಳಿಗೆ ಹೇಳಿದೆ: ಆಲಿಗೋಡೆಂಡ್ರೊಸೈಟಿನ ಮೇಲೆ ಸಿಗುವ ಎನ್‌ಎಂಡಿಎ ಗ್ರಾಹಕಗಳು ಮೆಗ್ನೀಸಿಯಂಗೆ ಅಷ್ಟಾಗಿ ಬಗ್ಗುವುದಿಲ್ಲ. ಹಾಗಾಗಿ ಮದ್ದು ಕೆಲಸ ಮಾಡುವುದು ಈ ಒಂದೇ ದಾರಿಯಲ್ಲಿ ಎಂದು ಹೇಳಿಬಿಡುವಂತಿಲ್ಲ. ಉರಿಯೂತ ತಗ್ಗಿಸುವುದು, ರಕ್ತದ ಹರಿವು ಹದಕ್ಕೆ ತರುವುದು ಕೂಡ ಸೇರಿರಬಹುದು. ಮಕ್ಕಳಿಗೆ ಉಪಯೋಗವಾದದ್ದಂತೂ ಎಣಿಕೆಯಲ್ಲಿ ಕಂಡಿದೆ.

ಅವಳು ತಟ್ಟೆ ಸರಿಸಿ ಕೂತಳು. "ಏಳು ತಿಂಗಳಿಗೆ ನೋವು ಅಂತ ಬಂದವರಿಗೆ ಸ್ಟಿರಾಯ್ಡ್ ಸೂಜಿ ಕೊಡೋದು ನಮಗ ಗೊತ್ತದ, ಕೂಸಿನ ಪುಪ್ಪುಸಕ್ಕಂತ. ಇದನ್ನ ಡಾಕ್ಟರನ್ನ ಕೇಳಿ ನೋಡ್ತೀನಿ." ಕೇಳು ಎಂದೆ. ಸುಮ್ಮನೆ ಯಾರೂ ಕೊಡುವ ಮದ್ದಲ್ಲ ಅದು. ತಾಯಿಯ ಉಸಿರು, ಮೊಣಕಾಲಿನ ಪ್ರತಿಕ್ರಿಯೆ, ಮೂತ್ರ ಎಲ್ಲ ನೋಡಿಕೊಳ್ಳುತ್ತ ಕೊಡಬೇಕು. ಹೇಗೂ ಅವರಿಗೆ ಅದು ರೂಢಿಯಿದೆ.

ಸೆಪ್ಟೆಂಬರ್ 4, ಬುಧವಾರ. ಸಿಂಧನೂರು

ಆರ್.ಎಚ್. ಕ್ಯಾಂಪಿನ ಬಂಗಾಳಿ ಮನೆಯ ಹುಡುಗಿ. ತಿಂಗಳು ತುಂಬಿ ಹುಟ್ಟಿದರೂ ಅತ್ತಿರಲಿಲ್ಲ. ಇವಳದು ಬಿಗಿತಕ್ಕಿಂತ ಹೊರಳಾಟ. ಕೈ ಚಾಚಿದರೆ ಬೇಕಾದಲ್ಲಿ ನಿಲ್ಲುವುದಿಲ್ಲ, ಬಾಯಿ ತಿರುಚುತ್ತದೆ. ತುಂಬಿದ ಕೂಸಿಗೆ ಉಸಿರು ಕಟ್ಟಿದಾಗ ಹೆಚ್ಚಾಗಿ ಹಾಳಾಗುವುದು ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದ ನರಕೋಶಗಳು. ಗ್ಲುಟಮೇಟಿನ ಮಿತಿಮೀರಿದ ಸುರಿತ ಅಲ್ಲೂ ಇದೆ, ಆದರೆ ಸಿಕ್ಕಿಬೀಳುವ ಕೋಶ ಬೇರೆ. ಒಂದೇ ಹೆಸರಿನ ಕಾಯಿಲೆ ಎಂದು ಎಲ್ಲ ಮಕ್ಕಳಿಗೂ ಒಂದೇ ವ್ಯಾಯಾಮ ಹೇಳಿಕೊಡಲು ಬರುವುದಿಲ್ಲ. ತಾಯಿಗೆ ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡಿನ ಚಿಂತೆ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ (ವಿ.ಆರ್.ಡಬ್ಲ್ಯೂ.) ಜೊತೆ ಮಾತಾಡಿಸಿದೆ.

ಸೆಪ್ಟೆಂಬರ್ 14, ಶನಿವಾರ. ಮಸ್ಕಿ, ಆಮೇಲೆ ಲಿಂಗಸುಗೂರು

ಹುಡುಗನ ಪಾದಕ್ಕೂ ಕಣಕಾಲಿಗೂ ಆಸರೆ ಕೊಡುವ ಹೊಸ ಎ.ಎಫ್.ಒ. ಬೂಟು ಬಂದಿದೆ. ಹಾಕಿ ನಿಲ್ಲಿಸಿದೆ. ಹಿಮ್ಮಡಿ ನೆಲಕ್ಕೆ ಕೂತಿತು. ಗೋಡೆ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕಿ ಬಾಗಿಲವರೆಗೂ ಹೋದ, ತಾನೇ ತಿರುಗಿಕೊಂಡು ವಾಪಸು ಬಂದ. ಬಲಹಿಮ್ಮಡಿಯ ಒಳಬದಿಯಲ್ಲಿ ಕೆಂಪಾಗಿದೆ, ಪ್ಯಾಡ್ ಬದಲಿಸಲು ಹೇಳಬೇಕು.

ಅಜ್ಜಿಯನ್ನು ಕೂರಿಸಿಕೊಂಡು ಗದ್ದೆ, ನೀರು, ಎಳೆ ಪೈರು ಎಲ್ಲ ಹೇಳಿದೆ. ಕಾಲಿನ ತಂತಿ ನೀರಿನ ಗುಂಡಿಗೆ ಹತ್ತಿರ, ಕೈಯಿನದು ದೂರ ಎಂದು ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೀಚಿ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಅಂದ್ರ ಪೈರು ಪೂರಾ ಕೊಳತುಹೋತೇನು?" ಎಂದಳು.

ಇದಕ್ಕೆ ಕೊಡುವ ಉತ್ತರವೇ ನಾನು ಈ ದಿನಗಳಲ್ಲಿ ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು. ಈಗಿನ ಕಾಲದ ಬಹಳಷ್ಟು ಮಕ್ಕಳಲ್ಲಿ ಪೂರ್ತಿ ಸತ್ತು ಗುಳಿಯಾಗಿರುವ ಜಾಗ ಸಣ್ಣದು. ಸುತ್ತಲಿನ ಹರವಿನಲ್ಲಿ ಮೊದಲು ಪೂರ್ವಕೋಶಗಳು ಸಾಯುತ್ತವೆ, ಆಮೇಲೆ ಹೊಸವು ಹುಟ್ಟಿ ಜಾಗ ತುಂಬುತ್ತವೆ. ಆದರೆ ಗಾಯದ ಆ ನೆಲದಲ್ಲಿ ಅವು ಬಲಿಯುವುದಿಲ್ಲ, ಎಳೆಯವಾಗಿಯೇ ನಿಂತುಬಿಡುತ್ತವೆ. ಸ್ಟೀಫನ್ ಬ್ಯಾಕ್ ಮತ್ತು ಸಂಗಡಿಗರು 2008ರಿಂದ ಇದನ್ನು ತೋರಿಸುತ್ತ ಬಂದಿದ್ದಾರೆ. ಕೋಶ ಇದೆ, ಮುಂದಕ್ಕೆ ಹೋಗುತ್ತಿಲ್ಲ. ಸತ್ತ ಕೋಶಕ್ಕೂ ನಿಂತ ಕೋಶಕ್ಕೂ ಎಷ್ಟು ಅಂತರ! ನಿಂತದ್ದನ್ನು ಎಬ್ಬಿಸುವ ಮದ್ದು ಇನ್ನೂ ಮಕ್ಕಳ ಕೈಗೆ ಬಂದಿಲ್ಲ. ಗ್ರಾಹಕಗಳನ್ನು ಮುಚ್ಚುವ ಮದ್ದನ್ನು ಎಳೆಯ ಮೆದುಳಿಗೆ ಸುಮ್ಮನೆ ಕೊಡುವಂತೆಯೂ ಇಲ್ಲ, ಬೆಳವಣಿಗೆಯ ಕರೆಯೇ ಅದರ ಮೂಲಕ ಬರುವುದರಿಂದ.

"ಕೊಳತಿಲ್ಲಮ್ಮ, ಬೆಳಿಲಾರ್ದ ನಿಂತಾವ" ಎಂದೆ. "ಹಂಗಾದ್ರ ನೀ ದಿನಾ ಕಾಲು ಎಳೆಯಾಕ ಹೇಳೋದು ಅದಕ್ಕೇನು?" ಇದಕ್ಕೆ ಎಚ್ಚರದಿಂದ ಮಾತಾಡಬೇಕಾಯಿತು. ಕಾಲು ಎಳೆಯುವುದು ಸ್ನಾಯು ಮೋಟಾಗದಿರಲಿ ಎಂದು, ಸೊಂಟದ ಕೀಲು ಜಾರದಿರಲಿ ಎಂದು. ಅವನು ತಾನೇ ಹೆಜ್ಜೆ ಹಾಕಲು ಪಟ್ಟುಹಿಡಿಯುವುದು ಬೇರೆ. 2014ರಲ್ಲಿ ದೊಡ್ಡ ಇಲಿಗಳಿಗೆ ಕಡ್ಡಿಗಳ ಅಂತರ ಏರುಪೇರಾದ ಚಕ್ರದ ಮೇಲೆ ಓಡಲು ಕಲಿಸಿದರು. ಹೊಸ ಆಲಿಗೋಡೆಂಡ್ರೊಸೈಟ್ ಹುಟ್ಟದಂತೆ ತಡೆದ ಇಲಿಗಳಿಗೆ ಆ ಓಟ ಚೆನ್ನಾಗಿ ಕೈವಶವಾಗಲಿಲ್ಲ. ಕಲಿಕೆಗೂ ಈ ಕೋಶಗಳಿಗೂ ಅಷ್ಟು ನಂಟಿದೆ. ಗಾಯಗೊಂಡ ಮಗುವಿನ ಮೆದುಳಿನಲ್ಲೂ ಹೀಗೇ ಆಗುತ್ತದೆಂದು ಇದರಿಂದ ಹೇಳಲಾಗುವುದಿಲ್ಲ, ನಾನೂ ಹೇಳಲಿಲ್ಲ. "ತಾನಾಗಿ ನಡಿಯಾಕ ನೋಡಿದಷ್ಟೂ ಒಳಗ ಕರೆ ಹೋಗ್ತದ. ನಿಲ್ಲಿಸಬ್ಯಾಡ್ರಿ" ಎಂದಷ್ಟೇ ಅಂದೆ.

ಆಮೇಲೆ ಅಜ್ಜಿ ಸೊಸೆಯ ಕಡೆ ನೋಡದೆಯೇ, "ಗ್ರಹಣದ್ದಲ್ಲ ಬಿಡು ಹಂಗಾದ್ರ" ಎಂದಳು. ಸೊಸೆ ಒಳಗೆ ಹೋಗಿ ತಾಯಿ ಕಾರ್ಡ್ ತಂದು ನನ್ನ ಕೈಗಿಟ್ಟಳು. ಮತ್ತೆ ಬಸುರಿ, ನಾಲ್ಕನೇ ತಿಂಗಳು. ಯಾರಿಗೂ ಹೇಳಿರಲಿಲ್ಲ, ನನಗೂ.

ಒಮ್ಮೆ ಮೊದಲೇ ಹೆತ್ತವರಿಗೆ ಮತ್ತೆ ಹಾಗಾಗುವ ಸಂಭವ ಹೆಚ್ಚು. ಕಾರ್ಡ್ ತಿರುವಿ ನೋಡಿದೆ. ಹಿಂದಿನ ಹೆರಿಗೆಯ ಸಾಲಿನಲ್ಲಿ ಬರೀ ನಾರ್ಮಲ್ ಎಂದಿದೆ, ವಾರದ ಲೆಕ್ಕವೇ ಇಲ್ಲ. ಅಲ್ಲೇ ನರ್ಸ್ ಗೆಳತಿಗೆ ಫೋನ್ ಮಾಡಿದೆ. ಸೋಮವಾರ ಸೊಸೆಯನ್ನು ಕಳಿಸಲು ಹೇಳಿದಳು: ಡಾಕ್ಟರ್ ನೋಡುತ್ತಾರೆ, ಸ್ಕ್ಯಾನ್ ಬರೆಸುತ್ತಾರೆ, ಹಿಂದಿನ ಹೆರಿಗೆ 30 ವಾರಕ್ಕೆ ಎಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಹಾಕುತ್ತಾರೆ. ಹೊಟ್ಟೆ ಗಟ್ಟಿಯಾದರೆ, ನೀರು ಹೋದರೆ, ರಾತ್ರಿಯಾದರೂ ಕಾಯದೆ 108ಕ್ಕೆ ಫೋನ್ ಮಾಡಿ ಎಳೆಗೂಸಿನ ಐ.ಸಿ.ಯು. ಇರುವ ಕಡೆಗೇ ಹೋಗಬೇಕು ಎಂದು ಗಂಡನಿಗೂ ಅಜ್ಜಿಗೂ ಎರಡೆರಡು ಸಲ ಹೇಳಿಸಿಕೊಂಡೆ. ಗಾಡಿ ಹತ್ತುವ ಮೊದಲು ಸ್ಟಿರಾಯ್ಡ್ ಮತ್ತು ಮೆಗ್ನೀಸಿಯಂ ಬಗ್ಗೆ ಡಾಕ್ಟರನ್ನು ಕೇಳಬೇಕು ಎಂದು ಚೀಟಿ ಬರೆದುಕೊಟ್ಟೆ. ಅಜ್ಜಿ ಅದನ್ನು ತನ್ನ ಸಂಚಿಯಲ್ಲಿ ಇಡಲು ಹೋದಳು. ಬೇಡ, ಕಾರ್ಡಿಗೇ ಪಿನ್ ಹಾಕ್ರಿ ಎಂದೆ.